ಮಾವ ಮುಟ್ಟಿದ ಕರೆಂಟ್ ಗಾಡಿ

ವೇಮಗಲ್‌ನ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾರ್ಖಾನೆ. ಅಲ್ಲಿ ನನ್ನ ಕೆಲಸ. ಕಾರಿನ ಮುಂದಿನ ಚಕ್ರವನ್ನು ಕೆಳಗಡೆಯಿಂದ ಗಾಡಿಯ ಮೈಗೆ ಹಿಡಿದಿಡುವ ಬಾಗಿದ ಕಬ್ಬಿಣದ ತೋಳೊಂದಿದೆ, ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಲೋಯರ್ ಆರ್ಮ್. ಒಂದು ತುದಿಯಲ್ಲಿ ಗುಂಡಗೆ ತಿರುಗುವ ಬಾಲ್ ಜಾಯಿಂಟ್, ಇನ್ನೊಂದು ಬದಿಯಲ್ಲಿ ಎರಡು ರಬ್ಬರ್ ಬುಷ್. ಆ ಬುಷ್‌ಗಳು ನೆಟ್ಟಗೆ ಕೂತಿವೆಯೇ, ಅಂಚು ಹರಿದಿದೆಯೇ ಎಂದು ನೋಡಿ, ಸರಿಯಿದ್ದರೆ ಬಿಳಿ ಬಣ್ಣದ ಚುಕ್ಕೆಯಿಟ್ಟು ಮುಂದಕ್ಕೆ ತಳ್ಳುವುದು ನನ್ನ ಪಾಲಿನ ಕೆಲಸ. ವರ್ಷಗಟ್ಟಲೆ ಅದನ್ನೇ ಮಾಡಿದ್ದೆ. ಆದರೆ ಆ ತೋಳು ಕಾರಿನ ಅಡಿಯಲ್ಲಿ ಹೇಗೆ ಕೂರುತ್ತದೆಂದು ಒಂದು ದಿನವೂ ನೋಡಿರಲಿಲ್ಲ. ನೋಡಬೇಕೆಂದು ಅನ್ನಿಸಿಯೂ ಇರಲಿಲ್ಲ. ಬೆಲ್ಲು ಹೊಡೆದರೆ ಕೈ ತೊಳೆದುಕೊಂಡು ಹೊರಡುವುದು, ಅಷ್ಟೆ.

ನಮ್ಮೂರು ಶ್ರೀನಿವಾಸಪುರದಿಂದ ಸ್ವಲ್ಪ ಒಳಗೆ. ಮೊದಲೆಲ್ಲ ಕಾರ್ಖಾನೆಯ ಬಸ್ಸು ಶ್ರೀನಿವಾಸಪುರದವರೆಗೂ ಬರುತ್ತಿತ್ತು. ಈ ಕಡೆಯಿಂದ ಹೋಗುವವರು ಕಡಿಮೆಯಾದರೆಂದು ಅದನ್ನು ಕೋಲಾರಕ್ಕೇ ನಿಲ್ಲಿಸಿಬಿಟ್ಟರು. ನನ್ನ ಗಂಡ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳ ಸಾಕುವವರು. ಹುಳಕ್ಕೆ ಹೊತ್ತುಹೊತ್ತಿಗೆ ಸೊಪ್ಪು ಹಾಕುವುದು ಬಿಟ್ಟು ನನ್ನನ್ನು ದಿನಾ ಬಿಟ್ಟುಬರುವುದಕ್ಕೆ ಅವರಿಂದ ಆಗುತ್ತಿರಲಿಲ್ಲ. ಹಾಗಾಗಿ ನಾನೇ ಕೋಲಾರದಲ್ಲಿ ಡ್ರೈವಿಂಗ್ ಕಲಿತೆ. ಆಮೇಲೆ ಇಬ್ಬರೂ ಯೋಚಿಸಿ, ಒಬ್ಬರು ಬಳಸಿದ್ದ ಎಲೆಕ್ಟ್ರಿಕ್ ಕಾರು ತೆಗೆದುಕೊಂಡೆವು. ಹುಳದ ಮನೆಯ ಪಕ್ಕದ ಚಪ್ಪರದಲ್ಲಿ ನಿಲ್ಲಿಸಿ ಚಾರ್ಜಿಗೆ ಹಾಕಿದರೆ ಬೆಳಗಿನ ಹೊತ್ತಿಗೆ ಸಿದ್ಧ. ನನ್ನ ಜೊತೆ ಕೆಲಸ ಮಾಡುವ ಇಬ್ಬರು ಹೆಂಗಸರು ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನಲ್ಲಿ ಹತ್ತುತ್ತಿದ್ದರು. ಹೋಗುವಾಗ ಒಬ್ಬಳು ನಿದ್ದೆ ಮಾಡುತ್ತಿದ್ದಳು, ಇನ್ನೊಬ್ಬಳು ಮಾತಾಡುತ್ತಿದ್ದಳು. ಬರುವಾಗ ಅದು ಅದಲುಬದಲಾಗುತ್ತಿತ್ತು.

ಮೊನ್ನೆ ಮಾವು ಹೂ ಬಿಡುವ ಹೊತ್ತಿನಲ್ಲಿ ನಮ್ಮ ರಸ್ತೆಯನ್ನು ನೀರಿನ ಪೈಪಿಗೆಂದು ಅಡ್ಡಡ್ಡ ಅಗೆದರು. ಮುಚ್ಚಿದ್ದೂ ಅಷ್ಟಕ್ಕಷ್ಟೆ. ಒಂದು ಬೆಳಗ್ಗೆ ಮಂಜಿನಲ್ಲಿ ಕಾಣದೆ ಆ ಕಾಲುವೆಗೆ ಎಡಗಡೆ ಚಕ್ರ ಇಳಿಸಿಬಿಟ್ಟೆ. ದಡ್ ಎಂದಿತು. ಇಳಿದು ನೋಡಿದರೆ ಏನೂ ಆದಂತಿರಲಿಲ್ಲ. ಆದರೆ ಆವತ್ತಿನಿಂದ ಹಳ್ಳ ಬಂದಾಗಲೆಲ್ಲ ಕಾಲಡಿಯಲ್ಲಿ ಟಕ್ ಎನ್ನುವ ಸದ್ದು ಶುರುವಾಯಿತು.

"ಅಕ್ಕ, ನಿನ್ ಟಿಫನ್ ಡಬ್ಬಿನಾ ಅದು?" ಎಂದಳು ಮಾತಾಡುವವಳು.

ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡಳು. ಸದ್ದು ನಿಲ್ಲಲಿಲ್ಲ. ಕೆಲವು ದಿನಗಳಲ್ಲಿ ಸ್ಟೀರಿಂಗ್ ಕೈಬಿಟ್ಟರೆ ಗಾಡಿ ಎಡಕ್ಕೆ ಎಳೆಯತೊಡಗಿತು. ಕೋಲಾರದ ಟೈರ್ ಅಂಗಡಿಯಲ್ಲಿ ತೋರಿಸಿದೆ. ಅಂಗಡಿಯವನು ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಟೈರಿನ ಒಳಗಡೆ ಅಂಚು ಮುಟ್ಟಿ ನೋಡಿ, "ಲೋಯರ್ ಆರ್ಮ್ ಹೋಗ್ಬಿಟ್ಟದೆ ಅಕ್ಕ. ಬಾಲ್ ಜಾಯಿಂಟ್ ಪೂರ್ತಿ ಲೂಸು. ಹಿಂಗೇ ಓಡಿಸಿದ್ರೆ ಒಂದಿನ ಚಕ್ರ ಮಡಚ್ಕೊಂಡ್ಬಿಡ್ತದೆ," ಎಂದ.

ನನಗೆ ನಗು ಬಂತು. ದಿನವೆಲ್ಲ ಅದನ್ನೇ ಮುಟ್ಟುವವಳ ಕಾರಿನಲ್ಲಿ ಅದೇ ಹೋಗಬೇಕೇ ಎಂದು. ಹಾಗಾದರೆ ಬದಲಿಸಿಕೊಡಿ ಎಂದೆ.

"ಕರೆಂಟ್ ಗಾಡಿ ಕೆಳಗೆ ನಾವ್ ಕೈ ಹಾಕಲ್ಲ ಅಕ್ಕ. ಬ್ಯಾಟ್ರಿ ಎಲ್ಲಾ ಅಲ್ಲೇ ಇರ್ತದೆ. ಬೇಕಾದ್ರೆ ಆರ್ಮ್ ತಂದ್ಮೇಲೆ ಅಲೈನ್‌ಮೆಂಟ್ ಮಾಡ್ಕೊಡ್ತೀನಿ."

ಅವನ ಪಕ್ಕದ ಗ್ಯಾರೇಜಿನವರೂ ಅದನ್ನೇ ಹೇಳಿದರು. ಬೆಂಗಳೂರಿನಲ್ಲಿ ಮಾಡುತ್ತಿದ್ದರು, ಆದರೆ ಸರದಿ ಬರುವುದು ಮುಂದಿನ ತಿಂಗಳು. ಫೋನಿನಲ್ಲಿ ಮಾತಾಡಿದ ಅಲ್ಲಿನ ಮೆಕ್ಯಾನಿಕ್ ಒಳ್ಳೆಯವನು. ಕೆಲಸ ದೊಡ್ಡದೇನಲ್ಲ, ಯಾವ ಪಳಗಿದ ಮೆಕ್ಯಾನಿಕ್ ಬೇಕಾದರೂ ಮಾಡಬಹುದು ಎಂದು ಧೈರ್ಯ ಹೇಳಿ, ಪಾಲಿಸಬೇಕಾದದ್ದನ್ನೂ ಹೇಳಿದ: ಗಾಡಿ ಪೂರ್ತಿ ಆಫ್ ಆಗಿರಬೇಕು, ಕೀಲಿ ದೂರ ಇಡಬೇಕು, ಬಾನೆಟ್ಟಿನೊಳಗಿನ ಸಣ್ಣ ಬ್ಯಾಟರಿಯ ವೈರು ಕಳಚಬೇಕು, ಜಾಕನ್ನು ಗುರುತು ಮಾಡಿರುವ ಜಾಗಕ್ಕೇ ಕೊಡಬೇಕು, ದೊಡ್ಡ ಬ್ಯಾಟರಿಯ ಕರೆಂಟ್ ಹರಿಯುವ ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಅದರ ತಂಟೆಗೆ ಹೋಗಬಾರದು. ಹೊಸ ಆರ್ಮ್ ಬಿಡಿಭಾಗದ ಅಂಗಡಿಯಲ್ಲಿ ಸಿಕ್ಕಿತು. ನಮ್ಮ ಕಾರ್ಖಾನೆಯದಲ್ಲ, ಬೇರೆ ಯಾರೋ ಮಾಡಿದ್ದು.

ಪಳಗಿದ ಮೆಕ್ಯಾನಿಕ್ ಎಂದರೆ ನನಗೆ ಗೊತ್ತಿದ್ದವರು ಒಬ್ಬರೇ, ನನ್ನ ಸೋದರಮಾವ. ಮುಳಬಾಗಿಲಿನ ಹಳೇ ರಸ್ತೆಯ ಅಂಚಿನಲ್ಲಿ ಹೊಂಗೆಮರದ ಕೆಳಗೆ ಅವರ ಗ್ಯಾರೇಜು. ಟ್ರ್ಯಾಕ್ಟರು, ಜೀಪು, ತರಕಾರಿ ಸಾಗಿಸುವ ಟೆಂಪೊ, ಯಾವುದು ಬಂದರೂ ಮಲಗಿ ಅದರ ಕೆಳಗೆ ತೂರಿಬಿಡುವ ಮನುಷ್ಯ. ಆದರೆ ಅವರನ್ನು ಕೇಳುವುದಕ್ಕೇ ನನಗೆ ಹಿಂಜರಿಕೆ. ಮಾವನಿಗೆ ಕರೆಂಟೆಂದರೆ ಆಗುತ್ತಿರಲಿಲ್ಲ.

ಅದಕ್ಕೆ ಕಾರಣ ನಮ್ಮ ಮನೆಯವರಿಗೆಲ್ಲ ಗೊತ್ತು. ಅವರ ಅಣ್ಣ, ನನ್ನ ದೊಡ್ಡ ಮಾವ, ಬೈರಕೂರಿನ ಹೊಲದಲ್ಲಿ ಟೊಮೇಟೊಗೆ ನೀರು ಬಿಡಲು ಹೋಗಿ, ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಗೆ ಕೈ ತಾಗಿ ಅಲ್ಲೇ ತೀರಿಕೊಂಡರು. ನಾನಾಗ ಹೈಸ್ಕೂಲಿನಲ್ಲಿದ್ದೆ. ಅಂದಿನಿಂದ ಮಾವ ಸ್ವಿಚ್ಚನ್ನು ಒತ್ತಬೇಕಾದರೂ ಕೈ ಒರೆಸಿಕೊಂಡು, ಚಪ್ಪಲಿ ಹಾಕಿಕೊಂಡು ಒತ್ತುವವರು. ಮನೆಯಲ್ಲಿ ಬಲ್ಬು ಹೋದರೆ ಸ್ಟೂಲು ಹತ್ತುತ್ತಿದ್ದವರು ಅತ್ತೆ. ಗಾಡಿಗಳ ವೈರಿಂಗ್ ಕೆಲಸ ಬಂದರೆ ಬೇರೆಯವರ ಹತ್ತಿರ ಕಳಿಸುತ್ತಿದ್ದರು. ಆ ವಿಷಯವನ್ನು ಯಾರೂ ಅವರೆದುರು ಎತ್ತುತ್ತಿರಲಿಲ್ಲ. ಅವರೂ ಎತ್ತುತ್ತಿರಲಿಲ್ಲ.

ಶನಿವಾರ ಫೋನು ಮಾಡಿ, ನಾಳೆ ಬರ್ತೀನಿ ಮಾವ ಎಂದಷ್ಟೇ ಹೇಳಿದೆ. ಭಾನುವಾರ ಬೆಳಗ್ಗೆ ಆರ್ಮನ್ನು ಹಿಂದಿನ ಸೀಟಿನ ಮೇಲಿಟ್ಟುಕೊಂಡು, ಎತ್ತಿನಗಾಡಿಯಷ್ಟು ನಿಧಾನವಾಗಿ ಹೊರಟೆ. ಗಂಡನೂ ಬರುತ್ತೇನೆಂದರು. ಹುಳ ಹಣ್ಣಾಗಿ ಗೂಡು ಕಟ್ಟುವ ಸಮಯ, ಬೇಡ ಎಂದೆ. ದಾರಿಯುದ್ದಕ್ಕೂ ಎರಡೂ ಕಡೆ ಮಾವಿನ ತೋಪು, ಗಾಜು ಇಳಿಸಿದರೆ ಹೂವಿನ ವಾಸನೆ. ನನಗೆ ಅದು ಯಾವುದೂ ಬೇಕಿರಲಿಲ್ಲ. ಕಿವಿಯೆಲ್ಲ ಚಕ್ರದ ಮೇಲೇ ಇತ್ತು.

ನಾನು ಗ್ಯಾರೇಜಿನ ಮುಂದೆ ನಿಲ್ಲಿಸಿದಾಗ ಮಾವ ಮರದ ಕೆಳಗಿನ ಬೆಂಚಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು.

"ಇದರಲ್ಲಿ ಅಷ್ಟು ದೂರದಿಂದ ಓಡಿಸ್ಕೊಂಡ್ ಬಂದ್ಯಾ? ಆ ಚಕ್ರ ನಿಂತಿರೋದ್ ನೋಡು ಅಮ್ಮಣ್ಣಿ, ಸೊಟ್ಟಗೆ," ಎಂದರು. ಎದ್ದು ಎರಡು ಹೆಜ್ಜೆ ಬಂದವರು ಅಲ್ಲೇ ನಿಂತರು. "ಇದು ಕರೆಂಟಿನದಲ್ವಾ?"

"ಹೌದು ಮಾವ. ಆದ್ರೆ ಆರ್ಮಿಗೂ ಕರೆಂಟಿಗೂ ಸಂಬಂಧ ಇಲ್ಲ. ಅದು ಬರೀ ಕಬ್ಬಿಣ."

"ಕಬ್ಬಿಣದಲ್ಲೇ ಅಲ್ವಾ ಕರೆಂಟ್ ಹರಿಯೋದು," ಎಂದು ಮತ್ತೆ ಹೋಗಿ ಬೆಂಚಿನ ಮೇಲೆ ಕೂತುಬಿಟ್ಟರು.

ಒತ್ತಾಯ ಮಾಡಲು ಮನಸ್ಸು ಬರಲಿಲ್ಲ. ಏನು ಮಾಡುವುದೆಂದು ತೋಚದೆ, ನಾನೇ ಬಿಚ್ಚುತ್ತೇನೆ, ನೀವು ಕೂತಲ್ಲೇ ಹೇಳಿಕೊಡಿ ಎಂದೆ. ಆ ಮಾತು ಹೇಗೆ ಬಾಯಿಂದ ಬಂತೋ ಗೊತ್ತಿಲ್ಲ. ನಾನು ಜೀವಮಾನದಲ್ಲಿ ಒಂದು ಪಂಕ್ಚರ್ ಚಕ್ರವನ್ನೂ ಕಳಚಿದವಳಲ್ಲ.

ಅಷ್ಟರಲ್ಲಿ ಒಳಗಿಂದ ಅತ್ತೆ ಬಂದರು. ಗಾಡಿಯ ಸುತ್ತ ಒಂದು ಸುತ್ತು ಬಂದು, ಬಾನೆಟ್ಟಿನ ಮೇಲೆ ಅಂಗೈಯಿಟ್ಟು ನಿಂತರು. ಅತ್ತೆಯ ತವರು ಗಡಿಯಾಚೆ. ಗಂಡನ ಹತ್ತಿರ ಮಾತಾಡುವುದು ತೆಲುಗಿನಲ್ಲೇ. "ಏಮೀ ಕಾದು, ರಾಂಡಿ," ಏನೂ ಆಗೋಲ್ಲ ಬನ್ನಿ ಎಂದು ಕರೆದರು. ಮಾವ ಬರಲಿಲ್ಲ. ಬರುವುದಿಲ್ಲವೆಂದು ಅತ್ತೆಗೂ ಗೊತ್ತಿತ್ತೋ ಏನೋ, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಬಾ, ನಾವಿಬ್ರೇ ಮಾಡೋಣ," ಎಂದರು.

ಗಾಡಿ ಆಫ್ ಮಾಡಿದೆ. ಕೀಲಿಯನ್ನು ಅತ್ತೆ ಒಯ್ದು ಅಡುಗೆಮನೆಯ ಅಕ್ಕಿ ಡಬ್ಬದ ಮೇಲಿಟ್ಟು ಬಂದರು. ಬಾನೆಟ್ ಎತ್ತಿ ಸಣ್ಣ ಬ್ಯಾಟರಿಯ ವೈರು ಕಳಚಿದ್ದೂ ಅವರೇ. ಮಾವ ಮುಖ ಆ ಕಡೆ ತಿರುಗಿಸಿಕೊಂಡಿದ್ದರು. ಆದರೂ ಬಾಯಿ ಸುಮ್ಮನಿರಲಿಲ್ಲ. "ಗಾಡಿ ಎತ್ತೋಕ್ ಮುಂಚೆ ಚಕ್ರದ ನಟ್ಟು ಸಡಿಲ ಮಾಡ್ಕೊ. ಎತ್ತಿದ್ಮೇಲೆ ಚಕ್ರ ತಿರುಗ್ತದೆ, ನಿನ್ ಕೈಲಾಗಲ್ಲ," ಎಂದರು. ನಾನು ಸ್ಪ್ಯಾನರಿನ ಮೇಲೆ ಕಾಲಿಟ್ಟು ತುಳಿದು ತುಳಿದು ಸಡಿಲಿಸಿದೆ. ಆಮೇಲೆ ಜಾಕು ತೂರಿಸಿ ಎತ್ತತೊಡಗಿದೆ.

ಗುರುತಿನ ಜಾಗ ನೋಡಿಯೇ ಇಟ್ಟಿದ್ದೆ. ಆದರೆ ಗ್ಯಾರೇಜಿನ ಮಣ್ಣಿನ ನೆಲದಲ್ಲಿ ಜಾಕು ವಾಲಿಕೊಂಡು ಒಳಕ್ಕೆ ಸರಿದದ್ದು ನನಗೆ ಕಾಣಲಿಲ್ಲ. ಗಾಡಿಯ ಹೊಟ್ಟೆಯಡಿ ಅಗಲಕ್ಕೂ ಹರಡಿಕೊಂಡಿರುವ ಬ್ಯಾಟರಿ ಪೆಟ್ಟಿಗೆಯ ಅಂಚಿಗೆ ಅದರ ತಲೆ ತಾಗುವುದರಲ್ಲಿತ್ತು.

"ನಿಲ್ಸು," ಎಂದರು ಮಾವ, ಯಾವಾಗ ಈ ಕಡೆ ತಿರುಗಿದ್ದರೋ. ನಾನು ಕೈ ತೆಗೆಯುವ ಮೊದಲೇ ಅವರು ಬೆಂಚು ಬಿಟ್ಟು ಬಂದಾಗಿತ್ತು. ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿಸಿ, ಮಂಡಿಯೂರಿ, ಎಡಗೈಯಲ್ಲಿ ಬಾಗಿಲ ಕೆಳಗಿನ ತಗಡಿನ ಅಂಚನ್ನು ಭದ್ರವಾಗಿ ಹಿಡಿದು, ಬಲಗೈಯಲ್ಲಿ ಜಾಕು ಇಳಿಸಿದರು. "ಕೆಳಗೊಂದು ಹಲಗೆ ಹಾಕ್ದೆ ಮಣ್ಣಲ್ಲಿ ಯಾರಾದ್ರೂ ಜಾಕ್ ಕೊಡ್ತಾರಾ? ಗಾಡಿ ನಿನ್ ಮೇಲೆ ಬಿದ್ದಿದ್ರೆ?"

ಅವರ ಎಡಗೈ ಇನ್ನೂ ಗಾಡಿಯ ಮೇಲೇ ಇತ್ತು. ನಾನು ನೋಡಿದೆ, ಅತ್ತೆಯೂ ನೋಡಿದರು. ಸ್ವಲ್ಪ ಹೊತ್ತಿಗೆ ಅವರಿಗೇ ಅರಿವಾಯಿತು. ಕೈಯನ್ನು ತಟ್ಟನೆ ಎಳೆದುಕೊಳ್ಳಲಿಲ್ಲ. ಬಿಸಿ ಪಾತ್ರೆಯೋ ತಣ್ಣನೆಯದೋ ಎಂದು ನೋಡುವವರಂತೆ ಬೆರಳುಗಳನ್ನು ಮೆಲ್ಲಗೆ ಎತ್ತಿ, ಮತ್ತೆ ಇಟ್ಟರು. ಅತ್ತೆ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದರು.

"ಆ ಹಲಗೆ ಕೊಡು," ಎಂದರು ಮಾವ.

ಅಲ್ಲಿಂದ ಕೆಲಸ ಅವರದಾಯಿತು. ಗಾಡಿ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಚಕ್ರ ತೆಗೆದು ಪಕ್ಕಕ್ಕಿಟ್ಟರು. ಕೆಳಗಿನ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿದಾಗ ಮಾತ್ರ ಮತ್ತೆ ನಿಂತರು. ಒಳಗೆ, ಒಂದು ಮೊಳ ದೂರದಲ್ಲಿ, ಹೆಬ್ಬೆರಳು ಗಾತ್ರದ ಕಿತ್ತಳೆ ಬಣ್ಣದ ಕೇಬಲ್ ಹಾದುಹೋಗಿತ್ತು.

"ಅದೇನಾ ಕರೆಂಟಿನದು?"

"ಅದೇ ಮಾವ. ನಾವದರ ಹತ್ರ ಹೋಗೋದೇ ಬೇಡ. ನಮ್ ಬೋಲ್ಟುಗಳೆಲ್ಲ ಈ ಕಡೆ ಇರೋದು."

ಮಾವ ಟಾರ್ಚು ಬಿಟ್ಟು ಅದು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆಂದು ಪೂರ್ತಿ ನೋಡಿದರು. ಹಾವು ಹೋಗುವುದನ್ನು ದೂರದಿಂದ ನೋಡುತ್ತಾರಲ್ಲ, ಹಾಗೆ. ಆಮೇಲೆ ಕೇಬಲ್ಲಿನ ಈಚೆಗೆ, ಅದಕ್ಕೆ ತಾಗದಂತೆ ಒಂದು ದಪ್ಪ ರಟ್ಟನ್ನು ಅಡ್ಡ ನಿಲ್ಲಿಸಿದರು. ಸ್ಪ್ಯಾನರ್ ಜಾರಿದರೂ ಆ ಕಡೆ ಹೋಗಬಾರದೆಂದು.

ಆಗ ನಾನು ಮೊದಲ ಸಲ ಆ ತೋಳನ್ನು ಅದರ ಜಾಗದಲ್ಲಿ ನೋಡಿದೆ. ನಾನು ಚುಕ್ಕೆಯಿಡುವ ಮೇಜಿನ ಮೇಲೆ ಅದು ಅಂಗಾತ ಬಿದ್ದಿರುವ ಒಂದು ಸಾಮಾನು. ಇಲ್ಲಿ ಒಂದು ಕೈಯಿಂದ ಚಕ್ರ ಕೂರುವ ಜಾಗವನ್ನು ಹಿಡಿದುಕೊಂಡು, ಎರಡು ಬುಷ್‌ಗಳ ಮೇಲೆ ಮೊಣಕೈಯಂತೆ ಮೇಲೆ ಕೆಳಗೆ ಆಡುವ ಹಾಗೆ ಕೂತಿತ್ತು. ಹಿಂದಿನ ಬುಷ್ ಹರಿದು ಬಾಯಿ ಬಿಟ್ಟಿತ್ತು. ನಾವು ಮೂವರು ಹೆಂಗಸರು ಇಷ್ಟು ದಿನ ಕೂತು ಹರಟುತ್ತ ಹೋಗಿದ್ದು ಇದರ ಮೇಲೆ. ಭಯವಾಯಿತು, ಜೊತೆಗೇ ಒಂದು ಥರ ಹೆಮ್ಮೆಯೂ ಆಯಿತು. ನಾನು ದಿನಾ ಮಾಡುವುದು ಇಂಥ ಕೆಲಸ ಎಂದು ನನಗೆ ಯಾರೂ ತೋರಿಸಿರಲಿಲ್ಲ.

ಬಾಲ್ ಜಾಯಿಂಟಿನ ಬೋಲ್ಟು ಬಂತು. ಮುಂದಿನ ಬುಷ್‌ನದೂ ಬಂತು. ಹಿಂದಿನದು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಮಾವ ಅದಕ್ಕೆ ಎಣ್ಣೆ ಬಿಟ್ಟು, "ಇಳೀಲಿ, ಅವಸರ ಮಾಡಿದ್ರೆ ಮುರೀತದೆ," ಎಂದು ನೆಲದ ಮೇಲೆಯೇ ಗಾಡಿಗೆ ಒರಗಿ ಕೂತರು. ನಾನೂ ಕೂತೆ. ಅತ್ತೆ ಎರಡನೇ ಸಲ ಕಾಫಿ ತಂದು, ಚಕ್ರವನ್ನೇ ಮಣೆ ಮಾಡಿಕೊಂಡು ಕೂತರು.

ಕಾಫಿ ಕುಡಿಯುತ್ತ ಮಾವ ತಾವಾಗಿಯೇ ಶುರುಮಾಡಿದರು. "ಆವತ್ತು ನಾನು ಅಲ್ಲೇ ಇದ್ದೆ ಅಮ್ಮಣ್ಣಿ. ನಿಂಗೊತ್ತಾ?"

ನನಗೆ ಗೊತ್ತಿರಲಿಲ್ಲ.

"ಬದುವಿನ ಮೇಲಿದ್ದೆ. ಅಣ್ಣ ಡಬ್ಬಿ ಹಿಡ್ಕೊಂಡಂಗೇ ನಿಂತಿದ್ದ. ಕೂಗಿದ್ರೆ ತಿರುಗ್ಲಿಲ್ಲ. ನಾನು ಓಡ್ದೆ. ಪಕ್ಕದ ಹೊಲದವರು ಮೂರು ಜನ ನನ್ನ ಹಿಡ್ಕೊಂಡ್ಬಿಟ್ರು. ಮುಟ್ಬೇಡ, ಮುಟ್ಬೇಡ, ಅಂತ. ಯಾರೋ ಕೋಲಲ್ಲಿ ತಳ್ಳಿದ್ಮೇಲೇ ಬಿಟ್ಟಿದ್ದು ನನ್ನ." ಲೋಟದಲ್ಲಿದ್ದದ್ದನ್ನು ಕುಡಿದು ಮುಗಿಸಿದರು. "ಅವರು ಮಾಡಿದ್ದು ಸರೀನೇ. ಮುಟ್ಟಿದ್ರೆ ನಾನೂ ಹೋಗ್ತಿದ್ದೆ. ಆದ್ರೆ ಆ ಮಾತು ಕಿವೀಲಿ ಉಳ್ಕೊಂಡ್ಬಿಡ್ತು. ಎಲ್ಲಿ ವೈರ್ ಕಂಡ್ರೂ ಅದೇ ಕೇಳಿಸ್ತದೆ."

ಅತ್ತೆ ಮೆಲ್ಲಗೆ, "ನನ್ ಹತ್ರಾನೂ ಹೇಳಿರಲಿಲ್ಲ ನೀವು," ಎಂದರು. ಆ ಮಾತನ್ನು ಅವರು ಕನ್ನಡದಲ್ಲಿ ಆಡಿದರು.

"ಹೇಳೋಕೇನದೆ ಅದ್ರಲ್ಲಿ," ಎಂದು ಮಾವ ಎದ್ದರು. ಅವರ ದನಿ ಎಂದಿನಂತೆಯೇ ಇತ್ತು. ನನಗೆ ಮಾತ್ರ ಲೋಟ ಕೆಳಗಿಡಲು ಸ್ವಲ್ಪ ಹೊತ್ತು ಬೇಕಾಯಿತು.

ಬೋಲ್ಟಿಗೆ ಉದ್ದನೆಯ ಪೈಪು ಸಿಕ್ಕಿಸಿ ನಾವಿಬ್ಬರೂ ಸೇರಿ ಎಳೆದೆವು. ಕಿರ್ರೆಂದು ಮಿಸುಕಿತು. ಆಮೇಲೆ ಸುಲಭ. ಬಾಲ್ ಜಾಯಿಂಟ್ ಕೂತಿದ್ದ ಕಡೆ ಮಾವ ಸುತ್ತಿಗೆಯಿಂದ ಹದವಾಗಿ ತಟ್ಟಿ, ರಾಡು ಕೊಟ್ಟು ಕೆಳಗೊತ್ತಿದಾಗ ಹಳೆಯ ತೋಳು ಕಳಚಿ ನನ್ನ ಕೈಗೇ ಬಂತು.

ಹೊಸದನ್ನು ಪ್ಯಾಕೆಟ್ಟಿನಿಂದ ತೆಗೆದವಳೇ ನಾನು ಅಭ್ಯಾಸಬಲದಿಂದ ಬುಷ್‌ಗಳ ಅಂಚಿನ ಸುತ್ತ ಹೆಬ್ಬೆರಳು ಓಡಿಸಿದೆ. ಬಾಲ್ ಜಾಯಿಂಟನ್ನು ತಿರುಗಿಸಿ ನೋಡಿದೆ, ರಬ್ಬರ್ ಟೋಪಿಯಲ್ಲಿ ಗ್ರೀಸ್ ಸೋರಿದೆಯೇ ಎಂದು ಬೆಳಕಿಗೆ ಹಿಡಿದೆ. ತಲೆಯೆತ್ತಿದರೆ ಮಾವ ನೋಡುತ್ತಿದ್ದರು.

"ನಿಮ್ ಫ್ಯಾಕ್ಟ್ರೀಲಿ ಹಿಂಗೇನಾ ನೋಡೋದು?"

"ಹಿಂಗೇ ಮಾವ."

"ಪಾಸಾ, ಫೇಲಾ?"

"ಪಾಸು."

"ಹಂಗಾದ್ರೆ ಹಾಕೋಣ ಬಿಡು," ಎಂದರು. ಬೆಳಗ್ಗೆಯಿಂದ ಅವರ ಮುಖದಲ್ಲಿ ಕಂಡ ಮೊದಲ ನಗು ಅದು.

ಹೊಸ ತೋಳನ್ನು ಕೂರಿಸಿ ಬಾಲ್ ಜಾಯಿಂಟಿನ ಬೋಲ್ಟು ಬಿಗಿ ಮಾಡಿದರು. ಬುಷ್‌ಗಳ ಬೋಲ್ಟುಗಳನ್ನು ಮಾತ್ರ ಸಡಿಲವಾಗಿಯೇ ಬಿಟ್ಟರು. ಯಾಕೆಂದು ಕೇಳಿದೆ. ಚಕ್ರ ನೇತಾಡುತ್ತಿರುವಾಗ ಬಿಗಿ ಮಾಡಿದರೆ, ಇಳಿಸಿದ ಮೇಲೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದಂತೆ. ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ಮೇಲೇ ಅವನ್ನು ಬಿಗಿಯಬೇಕಂತೆ. ಚಕ್ರ ಹಾಕಿ ಇಳಿಸಿ, ಗಾಡಿಯ ಮೂಗನ್ನು ಎರಡು ಸಲ ಒತ್ತಿ ಕುಣಿಸಿ, ಅಂಗಾತ ಮಲಗಿ ಕೆಳಗೆ ತೂರಿದರು. ಕಾಲುಗಳಷ್ಟೇ ಹೊರಗಿದ್ದವು. ಕರೆಂಟ್ ಗಾಡಿಯ ಕೆಳಗೆ ಮಾವ ಮಲಗಿದ್ದಾರೆ ಎಂದು ಫೋನಿನಲ್ಲಿ ಹೇಳಿದಾಗ ನನ್ನ ಗಂಡ ನಂಬಲಿಲ್ಲ. ಫೋಟೊ ಕಳಿಸು ಎಂದರು. ಕಳಿಸಲಿಲ್ಲ; ಅದು ನೋಡಿ ನಗುವಂಥದ್ದೆಂದು ನನಗೆ ಅನ್ನಿಸಲಿಲ್ಲ.

ಮಧ್ಯಾಹ್ನ ಮುದ್ದೆ ಉಂಡ ಮೇಲೆ ಅತ್ತೆ ಸಣ್ಣ ಬ್ಯಾಟರಿಯ ವೈರು ಮತ್ತೆ ಸಿಕ್ಕಿಸಿ, ಕೀಲಿ ತಂದುಕೊಟ್ಟರು. ಓಡಿಸಿ ನೋಡಲು ಹೊರಟೆವು. ಮಾವ ಮುಂದೆ ಕೂತರು, ಅತ್ತೆ ಹಿಂದೆ. ಬೈರಕೂರಿನ ದಾರಿ ಹಿಡಿ, ಅಲ್ಲಿ ಬೇಕಾದಷ್ಟು ಹಳ್ಳ ಇವೆ ಎಂದರು ಮಾವ. ಮೊದಲ ಹಳ್ಳಕ್ಕೆ ಇಳಿಸುವಾಗ ಮೂವರೂ ಉಸಿರು ಹಿಡಿದಿದ್ದೆವು. ಸದ್ದಿಲ್ಲ. ಎರಡನೆಯದಕ್ಕೂ ಇಲ್ಲ. ಮಾವ ಗಾಜು ಇಳಿಸಿ ತಲೆ ವಾಲಿಸಿ ಕೇಳಿಸಿಕೊಳ್ಳುತ್ತಿದ್ದರು.

"ಇಂಜಿನ್ ಗಲಾಟೆ ಇಲ್ದಿದ್ರೆ ಗಾಡಿ ಏನ್ ಹೇಳ್ತದೆ ಅಂತ ಎಷ್ಟ್ ಚೆನ್ನಾಗಿ ಕೇಳಿಸ್ತದೆ ನೋಡು," ಎಂದರು. "ಬಲಗಡೆ ಹಿಂದಿನ ಬ್ರೇಕು ಸ್ವಲ್ಪ ಉಜ್ಜ್ತಾ ಅದೆ. ಇನ್ನೊಂದ್ಸಲ ಬಂದಾಗ ನೋಡೋಣ."

ಇನ್ನೊಂದು ಸಲ ಎಂದದ್ದನ್ನು ಕನ್ನಡಿಯಲ್ಲಿ ಅತ್ತೆಯ ಮುಖ ನೋಡಿ ಖಚಿತ ಮಾಡಿಕೊಂಡೆ. ಅವರಿಗೂ ಕೇಳಿಸಿತ್ತು.

ಮಾರನೆಯ ದಿನ ಕೆಲಸಕ್ಕೆ ಹೋಗುವಾಗ ಜೊತೆಯವರಿಬ್ಬರೂ ಸದ್ದು ಹೋಯಿತಲ್ಲ ಎಂದು ಮಾತಾಡಿಕೊಂಡು, ಆಮೇಲೆ ಎಂದಿನಂತೆ ಒಬ್ಬಳು ಮಲಗಿದಳು. ಸಂಜೆ ಕೋಲಾರದಲ್ಲಿ ಅಲೈನ್‌ಮೆಂಟ್ ಮಾಡಿಸಿದೆ. ಟೈರ್ ಅಂಗಡಿಯವನು ಬಗ್ಗಿ ನೋಡಿ, ಯಾರು ಮಾಡಿದ್ದು, ನೀಟಾಗಿದೆ ಎಂದ. ಹೇಳಿದೆ. ನಂಬರು ಕೊಡಿ ಅಕ್ಕ, ಇಂಥವು ನಮ್ಮಲ್ಲಿ ಬಂದು ವಾಪಸ್ ಹೋಗ್ತಾ ಇರ್ತವೆ ಎಂದ. ಕೊಡುವ ಮೊದಲು ಫೋನಿನಲ್ಲಿ ಮಾವನನ್ನು ಕೇಳಿದೆ. ಅವರು "ಚಕ್ರ, ಬ್ರೇಕು, ಆರ್ಮು, ಇಷ್ಟೇ ಅಂತ ಹೇಳು. ಆ ಕಿತ್ತಳೆ ಬಣ್ಣದ್ದು ನಂದಲ್ಲ," ಎಂದರು.

ಯುಗಾದಿಯ ಮಾರನೆಯ ದಿನ ಗಂಡನನ್ನೂ ಕರೆದುಕೊಂಡು ಮುಳಬಾಗಿಲಿಗೆ ಹೋಗಿದ್ದೆ. ಗ್ಯಾರೇಜಿನ ಮುಂದೆ ಬೇರೆ ಯಾರದೋ ಎಲೆಕ್ಟ್ರಿಕ್ ಕಾರು ಸ್ಟ್ಯಾಂಡಿನ ಮೇಲಿತ್ತು. ಅತ್ತೆ ಅದರ ಮಾಲೀಕರಿಂದ ಕೀಲಿ ಇಸಿದುಕೊಂಡು, ಗಾಡಿ ಪೂರ್ತಿ ಆಫ್ ಆಗಿದೆಯಾ ಎಂದು ವಿಚಾರಿಸುತ್ತಿದ್ದರು. ಮಾವನ ಕಾಲು ಹೊರಗೆ ಕಾಣುತ್ತಿತ್ತು. ನನ್ನ ದನಿ ಕೇಳಿ, ಕೆಳಗಿಂದಲೇ, "ಯಾರು, ಅಮ್ಮಣ್ಣೀನಾ? ಒಳ್ಳೆ ಟೈಮಿಗೆ ಬಂದೆ. ಒಬ್ಬಟ್ಟು ಆಮೇಲ್ ತಿನ್ನೀವಂತೆ, ಈ ಕಡೆ ರಾಡು ಹಿಡ್ಕೊ ಬಾ," ಎಂದರು.

ತಂದಿದ್ದ ಹೂವನ್ನು ಗಂಡನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿಕೊಂಡು ಕೂತೆ.